ಕ್ಯೂ ಇತ್ತೋ, ಲೂಕ ಮತ್ತಾಯನನ್ನು ನೋಡಿ ಬರೆದನೋ?

ಬೈಬಲಿನಲ್ಲಿ ಯೇಸುವಿನ ಬದುಕು ಹೇಳುವ ಪುಸ್ತಕಗಳೇ ಸುವಾರ್ತೆಗಳು. ಮತ್ತಾಯ, ಲೂಕ ಇಬ್ಬರೂ ಮಾರ್ಕನ ಸುವಾರ್ತೆ ಮುಂದಿಟ್ಟುಕೊಂಡೇ ತಮ್ಮದನ್ನು ಬರೆದರು. ಇಲ್ಲಿವರೆಗೆ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಜಗಳವಿರುವುದು ಮಾರ್ಕನಲ್ಲಿಲ್ಲದ, ಇವರಿಬ್ಬರಲ್ಲೂ ಇರುವ ಸುಮಾರು 230 ವಚನಗಳ ಬಗ್ಗೆ.

ಕ್ಯೂ ವಾದ: ಯೇಸುವಿನ ಮಾತುಗಳ ಇನ್ನೊಂದು ಪುಸ್ತಕ (ವಿದ್ವಾಂಸರು ಇಟ್ಟ ಹೆಸರು ‘ಕ್ಯೂ’) ಇಬ್ಬರ ಬಳಿಯೂ ಇತ್ತು, ಆಮೇಲೆ ಕಳೆದುಹೋಯಿತು. ಇಬ್ಬರೂ ಒಬ್ಬರದನ್ನೊಬ್ಬರು ನೋಡಿರಲಿಲ್ಲ. ಒಂದು ಹರಕು ಪುಟವೂ ಸಿಕ್ಕಿಲ್ಲ ಅನ್ನಿ! ಆದರೆ ಮತ್ತಾಯನ ಪರ್ವತ ಪ್ರಸಂಗ (ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ) ಲೂಕನಲ್ಲಿ ಯಾಕೆ ಚೆಲ್ಲಾಪಿಲ್ಲಿಯಾಗಿದೆ ಎಂಬುದಕ್ಕೆ ಇದು ಸಲೀಸಾದ ಉತ್ತರ.

ಫ್ಯಾರರ್ ವಾದ (ಇಂಗ್ಲಿಷ್ ವಿದ್ವಾಂಸ ಆಸ್ಟಿನ್ ಫ್ಯಾರರ್, 1955): ಕ್ಯೂ ಬೇಕಿಲ್ಲ, ಲೂಕ ಮತ್ತಾಯನನ್ನೇ ಓದಿದ್ದ. ಯೇಸುವನ್ನು ಕಾವಲಿನವರು ಗೇಲಿ ಮಾಡುವ ಕಡೆ ನೋಡಿ. ‘ನಿನ್ನನ್ನು ಹೊಡೆದವರು ಯಾರು?’ ಎಂಬ ಮಾತು ಮಾರ್ಕನಲ್ಲಿಲ್ಲ. ಮತ್ತಾಯ, ಲೂಕರಲ್ಲಿ ಮಾತ್ರ ಗ್ರೀಕಿನ ಅವೇ ಐದು ಪದಗಳು! ಸುಮ್ನೆ ಕಾಕತಾಳೀಯ ಎನ್ನಲು ನನಗೆ ಮನಸ್ಸಾಗದು.

ಪರೀಕ್ಷೆಗೆ ಓದುವವರು ಕ್ಯೂನಿಂದ ಶುರುಮಾಡಿ, ಪಠ್ಯಗಳಲ್ಲಿ ಅದೇ ಜಾಸ್ತಿ. ನನ್ನ ಮತ ಫ್ಯಾರರ್‌ಗೆ.