ಸ್ಪೈನಲ್ಲೋ, ಜನರಲ್ಲೋ? ಎರಡನ್ನೂ ಕಂಡವಳ ಮಾತು

ಅಂಡಾಶಯದ ಸಿಸ್ಟ್ ತೆಗೆಯಲು ಲ್ಯಾಪರೋಸ್ಕೋಪಿ (ಸಣ್ಣ ತೂತುಗಳಲ್ಲಿ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್) ಮಾಡಿದಾಗ ನನಗೆ ಕೊಟ್ಟಿದ್ದು ಜನರಲ್ ಅನಸ್ತೇಶಿಯಾ, ಅಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವುದು. ವರ್ಷಗಳಾದ ಮೇಲೆ ಗರ್ಭಕೋಶ ಜಾರಿತು. ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ತೆಗೆದರು. ಆಗ ಸ್ಪೈನಲ್, ಅಂದರೆ ಬೆನ್ನಿಗೆ ಸೂಜಿ ಹಾಕಿ ಹೊಟ್ಟೆಯಿಂದ ಕೆಳಗೆ ಮಾತ್ರ ಮರಗಟ್ಟಿಸುವುದು. ಮತ್ತೆ ಆರಿಸಿಕೊಳ್ಳಿ ಅಂದರೆ ನಾನು ಸ್ಪೈನಲ್ಲನ್ನೇ ಕೇಳುತ್ತೇನೆ.

ಜನರಲ್‌ನಲ್ಲಿ ಶುರು ಸುಲಭ. ಕೈಯ ನರಕ್ಕೆ ಔಷಧಿ ಬಿಟ್ಟಿದ್ದಷ್ಟೇ ನೆನಪು. ಕಷ್ಟವೆಲ್ಲ ಎಚ್ಚರವಾದ ಮೇಲೆ. ಉಸಿರಾಟಕ್ಕೆಂದು ಗಂಟಲಿಗೆ ಟ್ಯೂಬ್ ಹಾಕಿರುತ್ತಾರಲ್ಲ, ಎಂಜಲು ನುಂಗಿದರೂ ಉರಿ. ಜೊತೆಗೆ ಮಂಪರು, ವಾಂತಿ. ಹೆಂಗಸರಿಗೆ, ಅದರಲ್ಲೂ ಲ್ಯಾಪರೋಸ್ಕೋಪಿ ಆದವರಿಗೆ, ಈ ವಾಂತಿ ಜಾಸ್ತಿ. ಬಸ್ಸಿನಲ್ಲಿ ವಾಂತಿ ಆಗುವವರು ಮೊದಲೇ ಹೇಳಿ, ತಡೆಯಲು ಔಷಧಿ ಕೊಡುತ್ತಾರೆ. ಭುಜವೂ ನೋಯಿತು. ಅದು ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್‌ನಿಂದ, ಅನಸ್ತೇಶಿಯಾದ ತಪ್ಪಲ್ಲ.

ಸ್ಪೈನಲ್‌ಗೆ ಬೆನ್ನು ಬಾಗಿಸಿ ಕೂರಿಸಿದರು. ಮೊದಲು ಚರ್ಮ ಮರಗಟ್ಟಿಸಲು ಒಂದು ಚುಚ್ಚು, ಕೆಂಜಿರುವೆ ಕಡಿದಷ್ಟು. ಆಮೇಲೆ ಬರೀ ಒತ್ತಿದ ಹಾಗೆ. ಕೆಲವೇ ನಿಮಿಷಕ್ಕೆ ಕಾಲು ಬೆಚ್ಚಗಾಗಿ, ಭಾರವಾಗಿ, ಎತ್ತಲು ಆಗದಂತಾಯಿತು. ಬಿಪಿ ಇಳಿದು ತಲೆ ಸುತ್ತಿತು, ತಕ್ಷಣ ಔಷಧಿ ಕೊಟ್ಟರು. ನಡುಕವೂ ಬಂತು. ನೋವಿಲ್ಲ, ಆದರೆ ಎಳೆಯುವುದು ಗೊತ್ತಾಗುತ್ತದೆ, ಡಾಕ್ಟರುಗಳ ಮಾತೂ ಕೇಳಿಸುತ್ತದೆ. ನನಗೆ ಅದು ಬೇಡವಾಗಿತ್ತು. ಹೇಳಿದೆ, ಸ್ವಲ್ಪ ನಿದ್ದೆಗೆ ಔಷಧಿ ಕೊಟ್ಟರು.

ನನ್ನ ಮನಸ್ಸು ಗೆದ್ದಿದ್ದು ಆಮೇಲಿನ ಕೆಲವು ಗಂಟೆ. ವಾರ್ಡಿಗೆ ಬಂದಾಗ ತಲೆ ತಿಳಿಯಾಗಿತ್ತು. ಮರಗಟ್ಟಿದ್ದು ಬಿಡುವ ಮೊದಲೇ ನೋವಿನ ಔಷಧಿ ಶುರುವಾಗಿತ್ತು. ಕಾಲಿಗೆ ಬಲ ಬರುವವರೆಗೆ ಮಂಚ ಬಿಡುವಂತಿಲ್ಲ, ಅಷ್ಟೇ.

'ಸೊಂಟಕ್ಕೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಬೆನ್ನುನೋವು' ಅನ್ನುವುದನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಕಾಡುವ ನೋವಿಗೆ ಸೂಜಿಯೇ ಕಾರಣ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಗಮನ ಕೊಡಬೇಕಾದ್ದು ತಲೆನೋವಿಗೆ. ಸೂಜಿಯ ತೂತಿನಿಂದ ಬೆನ್ನುಹುರಿಯ ಸುತ್ತಲಿನ ದ್ರವ ಸೋರಿದರೆ ಅದು ಬರುತ್ತದೆ. ಕೂತರೆ ಜಾಸ್ತಿ, ಮಲಗಿದರೆ ಕಮ್ಮಿ. ಈಗಿನ 25, 27 ಗೇಜ್‌ನ, ಅಂದರೆ ತೀರಾ ತೆಳುವಾದ, ಪೆನ್ಸಿಲ್ ತುದಿಯ ಸೂಜಿಗಳಲ್ಲಿ ಅಪರೂಪ. ಬಂದರೆ ಮಾತ್ರ ಸುಮ್ನೆ ಸಹಿಸಿಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ಅದಕ್ಕೆ ಚಿಕಿತ್ಸೆ ಇದೆ.

ಎಲ್ಲರಿಗೂ ಆರಿಸಿಕೊಳ್ಳುವ ಅವಕಾಶ ಇರುವುದಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿ, ತಲೆ ತಗ್ಗಿಸಿ ಮಲಗಿಸುವುದರಿಂದ ಸಾಮಾನ್ಯವಾಗಿ ಜನರಲ್ಲೇ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ, ಪ್ಲೇಟ್‌ಲೆಟ್ ತೀರಾ ಕಮ್ಮಿ ಇರುವವರಿಗೆ ಸ್ಪೈನಲ್ ಆಗದಿರಬಹುದು. ಆಪರೇಷನ್‌ಗೆ ಮೊದಲು ಅನಸ್ತೇಶಿಯಾ ಡಾಕ್ಟರು ನೋಡಲು ಬಂದಾಗ ತಗೊಳ್ಳುವ ಮಾತ್ರೆಗಳನ್ನೆಲ್ಲ ತೋರಿಸಿ. 'ನನಗೆ ಸ್ಪೈನಲ್ ಆಗುತ್ತಾ? ಜೊತೆಗೆ ನಿದ್ದೆ ಬರಿಸುತ್ತೀರಾ?' ಎಂದು ಅವರನ್ನೇ ಕೇಳಿ.