ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿಗೆ ಬಿಸಿಗಾಳಿ: ಮೂಲ ಹೀಟರೋ, ಡೀಸೆಲ್ಲೋ, ಗ್ಯಾಸೋ?

ಏರ್‌ಕೂಲ್ಡ್, ಅಂದರೆ ಗಾಳಿಯಿಂದಲೇ ಎಂಜಿನ್ ತಂಪಾಗುವ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನಿನ ಹೀಟರ್ ದಂಡವೆಂದು ತೀರ್ಮಾನಿಸಿ ನಾನು ಡೀಸೆಲ್ ಹೀಟರ್ ಕೊಂಡದ್ದು ಅವಸರದ ಕೆಲಸ. ಮೂರನ್ನೂ ಒಂದೇ 2 ಲೀಟರ್ ಎಂಜಿನ್ನಿನ ಗಾಡಿಯಲ್ಲಿ ಬಳಸಿದ ಮೇಲೆ ಹೇಳುವುದಿಷ್ಟು: ಮೊದಲು ಕಾರ್ಖಾನೆಯ ಹೀಟರನ್ನೇ ಸರಿಮಾಡಿ. ಅಲ್ಲಿ ಬಿಸಿಗೆ ಬರವಿಲ್ಲ. ಎಕ್ಸಾಸ್ಟ್ ಸುತ್ತಲಿನ ಹೀಟ್ ಎಕ್ಸ್‌ಚೇಂಜರಿನಲ್ಲಿ ಕಾದ ಗಾಳಿ, ಮುಂದಿನ ಸೀಟು ತಲುಪುವಷ್ಟರಲ್ಲಿ ಅರ್ಧ ಸೋರಿ, ಉಳಿದದ್ದು ಆರಿರುತ್ತದೆ.

ಹೆಚ್ಚು ಕಾಡುವುದು ಕೇಬಲ್. ಹೀಟರ್ ಲಿವರ್ ಪೂರ್ತಿ ಎಳೆದರೂ, ಹಿಂದೆ ಬಿಸಿಗಾಳಿ ಬಿಡುವ ಮುಚ್ಚಳ (ಫ್ಲಾಪ್) ಅರ್ಧವೇ ತೆರೆದಿರುತ್ತದೆ. ಒಬ್ಬರು ಲಿವರ್ ಎಳೆಯಲಿ, ಇನ್ನೊಬ್ಬರು ಗಾಡಿಯಡಿ ಮಲಗಿ ಎರಡೂ ಬದಿಯ ಫ್ಲಾಪ್ ತೋಳು ಕೊನೆಯವರೆಗೆ ಹೋಗುತ್ತದೆಯೇ ನೋಡಲಿ.

ಯುರೋಪಿನ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪಿಗೆ ಕೇಬಲ್ ತುದಿಯ ಕ್ಲಾಂಪು ತುಕ್ಕು ಹಿಡಿದು ಕೇಬಲ್ಲಿಗೇ ಬೆಸೆದಂತಾಗಿರುತ್ತದೆ. ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಕ್ಲಾಂಪನ್ನು ಇಕ್ಕಳದಲ್ಲಿ ಗಟ್ಟಿ ಹಿಡಿದೇ ಬೋಲ್ಟ್ ತಿರುಗಿಸಿ. ಇಲ್ಲದಿದ್ದರೆ ಕೇಬಲ್ಲೂ ತಿರುಚಿಕೊಂಡು ಎಳೆಎಳೆಯಾಗಿ ಹರಿಯುತ್ತದೆ. ಹೊಸ ಕೇಬಲ್ಲಿಗೆ ಗ್ರೀಸ್ ಸವರಿ, ಅದು ಹಾಯುವ ಕೊಳವೆಯ ಬಾಯಿಗೆ ರಬ್ಬರ್ ಸೀಲ್ ಹಾಕಿ. ಲಿವರ್ ಬಂದ್ ಇದ್ದಾಗ ಸ್ಪ್ರಿಂಗು ಫ್ಲಾಪನ್ನು ಪೂರ್ತಿ ಮುಚ್ಚಬೇಕು. ಆ ಸ್ಥಿತಿಯಲ್ಲೇ ಕ್ಲಾಂಪು ಬಿಗಿ ಮಾಡಿ.

ಆಮೇಲೆ ಬಿಸಿಗಾಳಿಯ ಹರಿದ ಹೋಸುಗಳನ್ನು ಬದಲಿಸಿ, ನೆಲದಡಿಯ ಉದ್ದ ಕೊಳವೆಗೆ ಹೊದಿಕೆ ಸುತ್ತಿ. ಎಂಜಿನ್ ಹತ್ತಿರ ಮಿನರಲ್ ವುಲ್ (ಬೆಂಕಿ ಹತ್ತದ ಕಲ್ಲುನಾರು) ಬೇಕು, ಅದರ ಮೇಲೆ ತಗಡು ಬೇಕೇಬೇಕು; ನೆನೆದ ನಾರು ತುಕ್ಕು ತಂದು ಕೊಳವೆಯನ್ನೇ ತಿನ್ನುತ್ತದೆ. ಎಂಜಿನ್ ಮೇಲಿನ ಎಲೆಕ್ಟ್ರಿಕ್ ಬ್ಲೋವರ್ ಓಡಿದರೆ ಸಿಗ್ನಲ್ಲಿನಲ್ಲಿ ನಿಂತಾಗಲೂ ಗಾಳಿ ಬರುತ್ತದೆ. ಎಕ್ಸ್‌ಚೇಂಜರ್ ಒಳಗೆ ತೂತಾಗಿದ್ದರೆ ಎಕ್ಸಾಸ್ಟ್ ಹೊಗೆ ನೇರ ಕ್ಯಾಬಿನ್ನಿಗೆ ನುಗ್ಗುತ್ತದೆ. ಅದಕ್ಕೆ ತೇಪೆ ಬೇಡ, ಬದಲಿಸಿ. ಅಗ್ಗವೆಂದು ಎಕ್ಸ್‌ಚೇಂಜರ್ ಬದಲು ಜೆ-ಪೈಪ್ (ಬರಿಯ ಎಕ್ಸಾಸ್ಟ್ ಕೊಳವೆ) ಹಾಕಿದರೆ ಹೀಟರೇ ಇರುವುದಿಲ್ಲ.

2 ಕಿಲೋವ್ಯಾಟಿನ ಡೀಸೆಲ್ ಹೀಟರ್ ಬಿಸಿಯಲ್ಲಿ ಕಮ್ಮಿಯಿಲ್ಲ. ಆದರೆ ಪೆಟ್ರೋಲ್ ಗಾಡಿಗೆ ಡೀಸೆಲ್ಲಿನ ಬೇರೆ ಟ್ಯಾಂಕು, ಬೇರೆ ವಾಸನೆ. ಡೀಸೆಲ್ ಪಂಪಿನ ಹೊರಬಾಯಿ ಓರೆಯಾಗಿ ಮೇಲ್ಮುಖವಿರಬೇಕು; ಮಲಗಿಸಿ ಕೂರಿಸಿದರೆ ಗಾಳಿಗುಳ್ಳೆ ಸೇರಿ ಉರಿ ಆರುತ್ತದೆ. ಹೊತ್ತಿಕೊಳ್ಳುವ ಮೊದಲ ಕೆಲವು ನಿಮಿಷ 8-10 ಆಂಪಿಯರ್ ಎಳೆಯುವುದರಿಂದ ಬಳಲಿದ ಬ್ಯಾಟರಿಗೆ ಕಷ್ಟ.

ಪ್ರೊಪೆಕ್ಸ್ ಕಂಪನಿಯ ಗ್ಯಾಸ್ ಹೀಟರ್ ದುಬಾರಿ, ಆದರೆ ಸದ್ದು ಕಮ್ಮಿ. ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 140 ಗ್ರಾಂ ಪ್ರೊಪೇನ್. ವ್ಯಾನಿನಲ್ಲೇ ಮಲಗುವವರಿಗೆ ಇದನ್ನೇ ಹೇಳುತ್ತೇನೆ, ಏಕೆಂದರೆ ಎಂಜಿನ್ ನಿಂತ ಮೇಲೆ ಮೂಲ ಹೀಟರಿನಿಂದ ಏನೂ ಬಾರದು. ಓಡಿಸುವುದೇ ಹೆಚ್ಚಾದರೆ ಆ ದುಡ್ಡು ಒಳ್ಳೆಯ ಎಕ್ಸ್‌ಚೇಂಜರ್ ಜೋಡಿಗೆ ಹೋಗಲಿ. ಯಾವುದನ್ನೇ ಹಾಕಿದರೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಜಾಗದ ಹತ್ತಿರವೇ ಇರಲಿ.