ಹುಬ್ಬಳ್ಳಿಯ ಶನಿವಾರದ ಲ್ಯಾಟಿನ್ ತರಗತಿ: ಸೇರಬಹುದೇ?

ಕೇಶ್ವಾಪುರದ ಕಡೆ ಕಥೋಲಿಕ ಮಕ್ಕಳಿಗಾಗಿ ನಡೆಯುವ ಈ ಪಾಠದ ದೊಡ್ಡ ಬಲ, ಕನ್ನಡದ ವಿಭಕ್ತಿಯಿಂದಲೇ ಶುರು ಮಾಡುವುದು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುವಾಗುವ ಪರಲೋಕ ಪ್ರಾರ್ಥನೆಯ 'ಪಾನೆಮ್' ಎಂದರೆ ರೊಟ್ಟಿಯನ್ನು, 'ದಾ' ಎಂದರೆ ಕೊಡು, 'ನೋಬಿಸ್' ಎಂದರೆ ನಮಗೆ. ವಿಭಕ್ತಿ ಬಾಯಿಪಾಠವಿದ್ದ ನಮ್ಮ ಮಕ್ಕಳಿಗೆ ಇದು ತಟ್ಟನೆ ಹತ್ತುತ್ತದೆ. ಆದರೆ ಪಂಚಮಿಗೂ, ಅಂದರೆ 'ನಮ್ಮಿಂದ' ಎನ್ನುವುದಕ್ಕೂ, 'ನೋಬಿಸ್' ಎಂಬ ಅದೇ ರೂಪ. ಇಲ್ಲೇ ಹೆಚ್ಚಿನವರು ಎಡವುವುದು. ಕ್ರಿಯಾಪದ ನೋಡಿ ಅರ್ಥ ಹಿಡಿಯುವ ಅಭ್ಯಾಸ ಇನ್ನಷ್ಟು ಬೇಕಿತ್ತು.

ಕೊರತೆ ಇರುವುದು ಮುದ್ರಿತ ಹಾಳೆಗಳಲ್ಲಿ. ರೋಮನ್ ಅಕ್ಷರಗಳ ಮೇಲೆ ದೀರ್ಘದ ಗೆರೆ ಇಲ್ಲ. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದನು. ರೋಮನ್‌ನಲ್ಲಿ ಎರಡೂ ಒಂದೇ. ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ, ಎ-ಏ ಗೊಂದಲವೇ ಉಳಿಯದು. ಎಂಥ ಭಾಗ್ಯ ನಮ್ಮ ಲಿಪಿ!

ಸದ್ಗುಣಗಳ ಪಾಠ ನಿಜಕ್ಕೂ ಚೆನ್ನ. ಕ್ರೈಸ್ತ ನೀತಿಬೋಧನೆಯ ನಾಲ್ಕು ಮೂಲ ಸದ್ಗುಣಗಳಲ್ಲಿ ಮೊದಲನೆಯ 'ಪ್ರುದೆಂತ್ಸಿಯಾ'ವನ್ನು ಜಾಣತನ ಎನ್ನದೆ ವಿವೇಕ ಎನ್ನುತ್ತಾರೆ. ಸರಿಯಾದ ಆಯ್ಕೆ, ಜಾಣತನ ಕಳ್ಳನಿಗೂ ಇರುತ್ತದೆ. ಇತಿಹಾಸದ ಭಾಗ ತೆಳು.

ತರಗತಿ ಒಂದೂವರೆ ತಾಸು. ಮನೆಯಲ್ಲಿ ದಿನಕ್ಕೆ 15 ನಿಮಿಷ ಗಟ್ಟಿಯಾಗಿ ಓದದಿದ್ದರೆ, ಲ್ಯಾಟಿನ್‌ನ ಐದು ನಾಮಪದ ಗಣಗಳಲ್ಲಿ (ವಿಭಕ್ತಿ ಪ್ರತ್ಯಯಗಳ ಪ್ರಕಾರ ವಿಂಗಡಿಸಿದ ಗುಂಪುಗಳಲ್ಲಿ) ಮೂರನೆಯದಕ್ಕೇ ಮಕ್ಕಳು ಸೋಲುತ್ತಾರೆ.